ಸೇವೆಗೆ ಹೊರಟ ವ್ಯಾನು

ಅಮೆರಿಕದ ಕಾಲೇಜುಗಳಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ವಾರ ರಜೆ ಬರುತ್ತದೆ, ಸ್ಪ್ರಿಂಗ್ ಬ್ರೇಕ್ ಅಂತ. ದುಡ್ಡಿದ್ದವರು ಫ್ಲಾರಿಡಾದ ಕಡಲ ದಂಡೆಗೆ ಹೋಗಿ ಮೈ ಸುಟ್ಟುಕೊಂಡು ಬರುತ್ತಾರೆ. ಸಾಲ ಮಾಡಿ ಓದಲು ಹೋದ ನಮ್ಮಂಥವರು ರೂಮಿನಲ್ಲೇ ಬಿದ್ದುಕೊಂಡು ಅನ್ನ, ತಿಳಿಸಾರು, ನಿದ್ದೆ ಎಂದು ಕಾಲ ಹಾಕುತ್ತಾರೆ. ಇವೆರಡಕ್ಕೂ ಸೇರದ ಮೂರನೆಯ ಪಂಗಡವೊಂದಿದೆ. ಅವರು ರಜೆಯಲ್ಲಿ ಪುಣ್ಯ ಸಂಪಾದಿಸುತ್ತಾರೆ. ಹತ್ತು ಹದಿನೈದು ಜನ ಒಂದು ವ್ಯಾನು ಹತ್ತಿ, ದೂರದ ಊರಿಗೆ ಹೋಗಿ, ಅಲ್ಲಿ ಗೋಡೆಗೆ ಬಣ್ಣ ಹೊಡೆಯುವುದೋ ಗಂಜಿಕೇಂದ್ರದಲ್ಲಿ ಬಡಿಸುವುದೋ ಮಾಡಿ ಬರುವುದು. ಆಲ್ಟರ್ನೇಟಿವ್ ಬ್ರೇಕ್ ಎನ್ನುತ್ತಾರೆ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಓದಿದವರು 1991ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದ ಮೇಲೆ ಪದ್ಧತಿ ಕಾಲೇಜಿನಿಂದ ಕಾಲೇಜಿಗೆ ಹಬ್ಬಿತು. ನಿಯಮಗಳಲ್ಲಿ ಮುಖ್ಯವಾದದ್ದು: ಇಡೀ ವಾರ ಗುಂಡು ಹಾಕುವಂತಿಲ್ಲ. ಹೀಗಾಗಿ ಪಂಗಡ ಚಿಕ್ಕದೇ.

ನಾನು ಅದರಲ್ಲಿ ಸೇರಿದ್ದು ಸೇವಾಭಾವ ಉಕ್ಕಿ ಬಂದದ್ದರಿಂದ ಎಂದು ಹೇಳಿದರೆ ನಮ್ಮ ಮನೆಯವರು ನಗುತ್ತಾರೆ. ನೋಟೀಸಿನಲ್ಲಿ ವಾಷಿಂಗ್ಟನ್ ಎಂದಿತ್ತು, ಶುಲ್ಕ ಕಡಿಮೆಯಿತ್ತು, ಊಟ ಅದರಲ್ಲೇ ಸೇರಿತ್ತು.

ವೀಸಾಕ್ಕೆ ಇದರಿಂದ ತೊಂದರೆಯಾದೀತೇ ಎಂದು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿದೆ. ಎಫ್-1 ವೀಸಾದವರು ಕಾಲೇಜು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು, ಹೊರಗೆ ಅಪ್ಪಣೆಯಿಲ್ಲದೆ ದುಡಿದರೆ ಗಂಟುಮೂಟೆ ಕಟ್ಟಬೇಕಾದೀತು. ಅಲ್ಲಿದ್ದ ಹೆಂಗಸು ನಗುತ್ತಾ ವಿವರಿಸಿದರು. ಅವರ ಮಾತಿನ ಸಾರ ಇಷ್ಟು: ಇನ್ನೊಬ್ಬರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿ ಕೂಲಿ ತೆಗೆದುಕೊಂಡರೆ ಅಪರಾಧ, ಧರ್ಮಸಂಸ್ಥೆಯಲ್ಲಿ ಅದೇ ಈರುಳ್ಳಿಯನ್ನು ಬಿಟ್ಟಿ ಹೆಚ್ಚಿದರೆ ಸೇವೆ. ಇಷ್ಟು ಸ್ಪಷ್ಟವಾದ ಕಾನೂನನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ತುಮಕೂರಿಗೆ ಫೋನ್ ಮಾಡಿದೆ. ಕಾಲಿಂಗ್ ಕಾರ್ಡಿನ ಕಾಲ.

"ಅಮ್ಮಾ, ವಾಷಿಂಗ್ಟನ್‌ಗೆ ಹೋಗ್ತಿದೀನಿ. ಮನೆ ಇಲ್ಲದೋರಿಗೆ ಅಡುಗೆ ಮಾಡಿ ಹಾಕೋಕೆ."

ಆ ಕಡೆ ಮಾತಿಲ್ಲ. ಕಾರ್ಡಿನ ನಿಮಿಷಗಳು ಕರಗುತ್ತಿದ್ದವು.

"ಯಾರು, ನೀನಾ?"

"ತರಕಾರಿ ಹೆಚ್ಚೋದು, ಬಡಿಸೋದು. ಅಷ್ಟೇ ಅಮ್ಮ."

"ಅಮೆರಿಕದಲ್ಲೂ ಮನೆ ಇಲ್ಲದೋರು ಇದಾರಂತೇನೇ?" ಹಿಂದಿನಿಂದ ಅಜ್ಜಿಯ ದನಿ. "ಹಂಗಾದ್ರೆ ಇವನು ಅಷ್ಟು ಸಾಲ ಮಾಡ್ಕೊಂಡು ಅಲ್ಲಿಗ್ಯಾಕೆ ಹೋದ ಕೇಳು. ಸಿದ್ಧಗಂಗೆಗೆ ಹೋಗಿ ನಾಕು ಕುಂಬಳಕಾಯಿ ಹೆಚ್ಚಿಕೊಟ್ಟು ಬಾರೋ ಅಂದ್ರೆ ಜ್ವರ ಬರ್ತಿತ್ತು ಇವನಿಗೆ."

ಮಠ ನಮ್ಮ ಮನೆಯಿಂದ ಸೈಕಲ್ಲಿನ ದೂರ. ಸಾವಿರಾರು ಮಕ್ಕಳಿಗೆ ದಿನವೂ ಅನ್ನ ಹಾಕುವ ಜಾಗ ಅದು. ಅಜ್ಜಿಯ ಪ್ರಶ್ನೆಗೆ ಕಾರ್ಡು ಮುಗಿದದ್ದೇ ಉತ್ತರವಾಯಿತು. ಅಮ್ಮ ಮಾತ್ರ ಬೀದಿಯವರಿಗೆಲ್ಲ, "ನಮ್ಮ ಹುಡುಗ ವಾಷಿಂಗ್ಟನ್‌ನಲ್ಲಿ ಪಾರ್ಲಿಮೆಂಟ್ ಹತ್ತಿರ ಕೆಲಸಕ್ಕೆ ಹೋಗಿದಾನೆ" ಎಂದು ಹೇಳಿದಳಂತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ಕೆಲಸಕ್ಕೆ ಹೋದ, ಮನೆಯಿಲ್ಲದವರ ಆಶ್ರಯತಾಣದಿಂದ ಕ್ಯಾಪಿಟಲ್ ಕಟ್ಟಡಕ್ಕೆ ನಡೆದರೆ ಕಾಲು ಗಂಟೆ.

ಅಷ್ಟು ಹತ್ತಿರ, ಸಾವಿರಕ್ಕೂ ಹೆಚ್ಚು ಜನ ಮಲಗುವ ಆಶ್ರಯತಾಣ ಸುಮ್ಮನೆ ಬಂದದ್ದಲ್ಲ. ಮಿಚ್ ಸ್ನೈಡರ್ ಎಂಬ ಹಟಮಾರಿ 1984ರಲ್ಲಿ ಅದಕ್ಕಾಗಿ 51 ದಿನ ಉಪವಾಸ ಕೂತ. ಖಾಲಿಯಾಗಬೇಕಿದ್ದ ಆ ಸರ್ಕಾರಿ ಕಟ್ಟಡವನ್ನು ಮನೆಯಿಲ್ಲದವರಿಗೇ ಉಳಿಸಿ, ವಾಸಕ್ಕೆ ಯೋಗ್ಯವಾಗುವಂತೆ ರಿಪೇರಿ ಮಾಡಿಕೊಡಿ ಎಂದು ಅವನ ಬೇಡಿಕೆ. ಅಧ್ಯಕ್ಷ ರೇಗನ್‌ಗೆ ಮರುಚುನಾವಣೆ ಎದುರಿಗಿತ್ತು. ಮತದಾನಕ್ಕೆ ಎರಡು ದಿನ ಇರುವಾಗ ಸರ್ಕಾರ ಒಪ್ಪಿಕೊಂಡಿತು. ಚುನಾವಣೆ ಹತ್ತಿರ ಬಂದಾಗ ಸರ್ಕಾರಗಳ ಹೃದಯ ಕರಗುವುದು ಎಲ್ಲ ದೇಶಗಳಿಗೂ ಸಮಾನ.

ನಮ್ಮ ಕೆಲಸ ಇದ್ದದ್ದು ಆ ಕಟ್ಟಡದ ನೆಲಮಾಳಿಗೆಯಲ್ಲಿ. ಡಿ.ಸಿ. ಸೆಂಟ್ರಲ್ ಕಿಚನ್ ಆಗ ಅಲ್ಲೇ ಇತ್ತು, ಈಗ ಬೇರೆಡೆ ದೊಡ್ಡ ಜಾಗಕ್ಕೆ ಹೋಗಿದೆ. ನೈಟ್‌ಕ್ಲಬ್ ನಡೆಸುತ್ತಿದ್ದ ರಾಬರ್ಟ್ ಎಗ್ಗರ್ 1989ರಲ್ಲಿ ಇದನ್ನು ಶುರುಮಾಡಿದ್ದು, ಆ ವರ್ಷ ಹಿರಿಯ ಬುಷ್ ಅಧಿಕಾರ ಸ್ವೀಕರಿಸಿದ ಸಂಭ್ರಮದ ಔತಣಗಳಲ್ಲಿ ಉಳಿದ ಊಟವನ್ನು ಲಾರಿಯಲ್ಲಿ ತುಂಬಿಕೊಂಡು ಬಂದು. ನಮ್ಮಲ್ಲಿ ಮದುವೆ ಛತ್ರದ ಉಳಿದ ಅನ್ನವನ್ನು ಅನಾಥಾಶ್ರಮಕ್ಕೆ ಕಳಿಸುತ್ತೇವಲ್ಲ, ಹಾಗೆ. ಆದರೆ ಎಗ್ಗರ್ ಅಷ್ಟಕ್ಕೇ ಬಿಡಲಿಲ್ಲ. ಕೆಲಸವಿಲ್ಲದವರಿಗೆ, ಬೀದಿಯಲ್ಲಿದ್ದವರಿಗೆ, ಜೈಲಿನಿಂದ ಹೊರಬಂದವರಿಗೆ ಅಲ್ಲೇ ಅಡುಗೆ ಕಲಿಸಿ ಹೋಟೆಲುಗಳಿಗೆ ಕೆಲಸಕ್ಕೆ ಕಳಿಸುವ ತರಬೇತಿ ಇಟ್ಟ.

ಹಾಗಾಗಿ ಸಹಾಯ ಮಾಡಲು ಬಂದ ನಾವು ಸಹಾಯ ಪಡೆಯಬೇಕಿದ್ದವರ ಕೈಕೆಳಗೆ ಬಿದ್ದೆವು. ತಲೆಗೆ ಬಲೆ, ಗಡ್ಡಕ್ಕೂ ಬಲೆ, ಪ್ಲಾಸ್ಟಿಕ್ ಏಪ್ರನ್, ಕೈಗವಸು ಹಾಕಿ ನನ್ನನ್ನು ಈರುಳ್ಳಿ ಮೂಟೆಯ ಮುಂದೆ ನಿಲ್ಲಿಸಿದರು. ಹಿಂದಿನಿಂದ ಯಾರಾದರೂ ಬಿಸಿ ತಪಲೆ ಹೊತ್ತು ಬರುವಾಗ "ಬಿಹೈಂಡ್!" ಎಂದು ಕೂಗಬೇಕೆಂಬುದು ಅಲ್ಲಿನ ಶಿಸ್ತು. ನಮ್ಮ ಛತ್ರಗಳಲ್ಲಿ "ದಾರಿ ಬಿಡ್ರೀ, ಬಿಸಿ ಸಾಂಬಾರು" ಎನ್ನುವುದೂ ಇದೇ ತಾನೆ.

ನನ್ನ ಮೇಲ್ವಿಚಾರಕ ಐವತ್ತರ ಆಸುಪಾಸಿನ ದೊಡ್ಡಾಳು, ಅಲ್ಲಿನ ತರಬೇತಿಯವನೇ. ನಾನು ಹೆಚ್ಚಿದ ಚೂರುಗಳನ್ನು ಎತ್ತಿ ನೋಡಿದ. ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಸಾಸಿವೆಯಷ್ಟು.

"ಏನು ಓದ್ತಿದೀಯಪ್ಪ?"

"ಸಿವಿಲ್ ಎಂಜಿನಿಯರಿಂಗ್."

"ಅಂದ್ರೆ ಸೇತುವೆ ಕಟ್ಟೋದು, ಅಲ್ವಾ?"

"ಹೌದು."

ಅವನು ಮತ್ತೊಮ್ಮೆ ಈರುಳ್ಳಿ ನೋಡಿ, "ಆ ದೇವರೇ ಕಾಪಾಡಬೇಕು" ಅಂದ. ಆಮೇಲೆ ನನ್ನ ಎಡಗೈ ಹಿಡಿದು, ಬೆರಳ ತುದಿಗಳನ್ನು ಒಳಕ್ಕೆ ಮಡಿಸಿ, ಚಾಕುವಿನ ಪಕ್ಕ ಗೆಣ್ಣಿಗೆ ತಾಗುವಂತೆ ಇರಿಸಿ ತೋರಿಸಿದ. ಹೀಗೆ ಹಿಡಿದರೆ ಕಣ್ಣು ಮುಚ್ಚಿ ಹೆಚ್ಚಿದರೂ ಬೆರಳು ಹೋಗುವುದಿಲ್ಲ. ಚೂರುಗಳೆಲ್ಲ ಒಂದೇ ಅಳತೆ ಇರಬೇಕು, ಇಲ್ಲದಿದ್ದರೆ ಸಣ್ಣದು ಕರಕಲಾಗಿ ದೊಡ್ಡದು ಹಸಿಯಾಗಿ ಉಳಿಯುತ್ತದೆ ಎಂದ. ಅಷ್ಟು ಫೀಸು ಕಟ್ಟಿ ಕೂತ ನನ್ನ ತರಗತಿಗಳಲ್ಲಿ ಯಾವ ಪ್ರೊಫೆಸರೂ ಇಷ್ಟು ತಾಳ್ಮೆಯಿಂದ ಕೈಹಿಡಿದು ಕಲಿಸಿರಲಿಲ್ಲ.

ಸಂಜೆ ಬಡಿಸುವ ಸರದಿ. ಆಲೂಗಡ್ಡೆ ಮುದ್ದೆ ನನ್ನ ಪಾಲಿಗೆ. ಪಂಕ್ತಿಯಲ್ಲಿ ಬೆಳೆದವನ ಕೈ ಒಂದೇ ಸೌಟಿಗೆ ನಿಲ್ಲುತ್ತದೆಯೇ? "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂಬ ಮುಖ ಮಾಡಿ ಎರಡನೇ ಸೌಟು ಎತ್ತುವಷ್ಟರಲ್ಲಿ ಪಕ್ಕದವಳು ನನ್ನ ಮಣಿಕಟ್ಟು ಹಿಡಿದಳು. ಸಾಲಿನ ಕೊನೆಯವನಿಗೂ ಉಳಿಯಬೇಕು, ಒಬ್ಬರಿಗೆ ಒಂದೇ ಸೌಟು. ಉಪಚಾರ ಮಾಡದೆ ಬಡಿಸುವುದು ನನ್ನ ಮಟ್ಟಿಗೆ ಈರುಳ್ಳಿಗಿಂತ ಕಷ್ಟದ ವಿದ್ಯೆ.

ಸಾಲಿನಲ್ಲಿದ್ದ ಒಬ್ಬ ಮುದುಕ ತಟ್ಟೆ ಹಿಡಿದು ನಿಂತು, ಎಲ್ಲಿಂದ ಬಂದೆ ಎಂದು ಕೇಳಿದ. ಇಂಡಿಯಾ ಅಂದೆ.

"ನಿಮ್ಮಲ್ಲಿ ಬಡವರಿಲ್ವಾ?"

"ಇದಾರೆ."

"ಮತ್ತೆ?"

ಅಜ್ಜಿಗೂ ಅವನಿಗೂ ಪರಿಚಯವಿದ್ದಂತಿತ್ತು.

ರಾತ್ರಿ ನಮ್ಮ ವಾಸ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಮನೆಯಿಲ್ಲದವರು ಅಲ್ಲಿ ಮಂಚದ ಮೇಲೆ, ಮನೆಯಿದ್ದವರು ಇಲ್ಲಿ ನೆಲದ ಮೇಲೆ. ಮಲಗುವ ಮುನ್ನ ಎಲ್ಲರೂ ದುಂಡಗೆ ಕೂತು ದಿನದ ಗುಲಾಬಿ, ಮುಳ್ಳು, ಮೊಗ್ಗು ಹೇಳಬೇಕು. ಅಂದರೆ ಹಿತವಾದದ್ದು, ಕಹಿಯಾದದ್ದು, ನಾಳೆಗೆ ಭರವಸೆಯದ್ದು. ಮೊದಲ ರಾತ್ರಿ, ಇನ್ನೂ ಒಂದು ಆಲೂಗಡ್ಡೆಯ ಸಿಪ್ಪೆಯನ್ನೂ ತೆಗೆಯುವ ಮೊದಲೇ, ಒಬ್ಬ ಹುಡುಗಿ ತನ್ನ ಬದುಕೇ ಬದಲಾಯಿತು ಎಂದು ಅತ್ತಳು. ವ್ಯಾನಿನಲ್ಲಿ ಬಹಳ ಹೊತ್ತು ಕೂತದ್ದರಿಂದ ನನ್ನ ಸೊಂಟವೂ ಬದಲಾಗಿತ್ತು, ನಾನು ಹೇಳಲಿಲ್ಲ.

ನಾವು ಬಡಿಸಿದಂಥವರು ಎಷ್ಟು ಮಂದಿ ಎಂದು ತಿಳಿಯಲು ಅಮೆರಿಕದಲ್ಲಿ ಜನವರಿಯ ಒಂದು ರಾತ್ರಿ ಮನೆಯಿಲ್ಲದವರ ತಲೆ ಎಣಿಸುತ್ತಾರೆ. 2024ರಲ್ಲಿ ಸಿಕ್ಕ ಲೆಕ್ಕ 7,71,480. ನಮ್ಮಲ್ಲೂ ಜನಗಣತಿಯವರು ಅವರನ್ನು ರಾತ್ರಿಯೇ ಎಣಿಸುತ್ತಾರೆ. 2011ರ ಫೆಬ್ರವರಿ 28ರ ರಾತ್ರಿ ಸುಮಾರು 17.7 ಲಕ್ಷ ಮಂದಿ ಸಿಕ್ಕರು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ವಸತಿ ಕೇಂದ್ರ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ಅಲ್ಲಿಗೆ ಹೋಗಲು ವೀಸಾ ಬೇಡ, ಸಂಘದ ಹೆಸರಿನ ಟೀಶರ್ಟೂ ಬೇಡ. ಅದಕ್ಕೇ ಇರಬೇಕು, ಯಾರೂ ಹೋಗುವುದಿಲ್ಲ.

ಹೋಗುವವರು ಹಬ್ಬದ ದಿನ ಹೋಗಬೇಡಿ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ದಿನ ಅಮೆರಿಕದ ಗಂಜಿಕೇಂದ್ರಗಳಲ್ಲಿ ಸೌಟಿಗಿಂತ ಕೈಗಳೇ ಹೆಚ್ಚು. ಆಮೇಲಿನ ಮಂಗಳವಾರ ಈರುಳ್ಳಿ ಮೂಟೆಯೂ ಅಡುಗೆಯವನೂ ಇಬ್ಬರೇ. ನಿಮ್ಮ ಮಗನೋ ಮಗಳೋ ಇಂಥ ಯಾತ್ರೆಗೆ ಹೊರಟರೆ ತಡೆಯಬೇಡಿ, ಖರ್ಚಿಗೆ ದುಡ್ಡನ್ನೂ ಕೊಡಿ. ಅದಕ್ಕೆ ಮೊದಲು ಒಂದು ವಾರ ನಿಮ್ಮ ಮನೆಯ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ಬೆರಳು ಒಳಕ್ಕೆ ಮಡಿಸಿ ಈರುಳ್ಳಿ ಹೆಚ್ಚುವುದನ್ನು ಕಲಿಸಿ ಕಳಿಸಿ.