ರೂಲ್ಸ್ ಭಾವ

ದರ್ಬೆಯಲ್ಲಿ ಸುಳ್ಯದ ಬಸ್ಸಿಗೆ ಕಾಯುವವರಲ್ಲಿ ಎರಡು ಜಾತಿ. ಬಸ್ಸು ಹತ್ತುವವರು ಮತ್ತು ಬಸ್ಸು ಹತ್ತುವ ಕ್ರಮ ಹೇಳುವವರು. ರೂಲ್ಸ್ ಭಾವ ಎರಡನೆಯ ಜಾತಿ. ಕಿಟಕಿಯಿಂದ ಬೈರಾಸು ಎಸೆದು ಸೀಟು ಹಿಡಿದವನಿಗೂ ಬಾಗಿಲಿನಿಂದ ನುಗ್ಗಿ ಕೂತವನಿಗೂ ಜಗಳ ಹತ್ತಿದರೆ ತೀರ್ಪು ಅವರದ್ದೇ. ಬೈರಾಸು ಸೀಟಿನ ನಡುವೆ ಬಿದ್ದಿದ್ದರೆ ಹಕ್ಕು ಉಂಟು, ಅಂಚಿನಲ್ಲಿ ನೇತಾಡುತ್ತಿದ್ದರೆ ಇಲ್ಲ. ಕೊಡೆಗೂ ಹಕ್ಕು ಉಂಟು, ಆದರೆ ಒಣ ಕೊಡೆಗೆ ಮಾತ್ರ. ಒದ್ದೆ ಕೊಡೆ ಇಟ್ಟ ಸೀಟಿನಲ್ಲಿ ಇಟ್ಟವನೂ ಕೂರುವ ಹಾಗಿಲ್ಲವಲ್ಲ! ತೀರ್ಪು ಪೂರ್ತಿಯಾಗುವಾಗ ವಾದಿ ಪ್ರತಿವಾದಿಗಳಿಬ್ಬರನ್ನೂ ಹೊತ್ತ ಬಸ್ಸು ಸಂಟ್ಯಾರು ದಾಟಿರುತ್ತದೆ. ಭಾವ ದರ್ಬೆಯಲ್ಲೇ ನಿಂತಿರುತ್ತಾರೆ.

ಇದು ಒಬ್ಬರ ಹೆಸರೆಂದು ತಿಳಿಯಬಾರದು. ಸೈಂಟ್ ಫಿಲೋಮಿನಾ ಕಾಲೇಜಿನ ಗೇಟಿನಿಂದ ಮಹಾಲಿಂಗೇಶ್ವರನ ದೇವರಮಾರು ಗದ್ದೆಯವರೆಗೆ ಎಲ್ಲಿ ಕಲ್ಲು ಬಿಸಾಡಿದರೂ ಒಬ್ಬರಿಗಾದರೂ ತಾಗುತ್ತದೆ. ತಾಗಿಸಿಕೊಂಡವರು ಅಯ್ಯೋ ಅನ್ನುವ ಮೊದಲು ‘ಯಾವ ಕೈಯಿಂದ ಬಿಸಾಡಿದ್ದು?’ ಎಂದು ಕೇಳಿದರೆ ಅವರೇ ರೂಲ್ಸ್ ಭಾವ.

ಮದುವೆಯ ಪಂಕ್ತಿಯಲ್ಲಿ ಇವರ ಪಕ್ಕ ಕೂತವನ ಕಷ್ಟ ಹೇಳಿ ಸುಖವಿಲ್ಲ. ಮಜ್ಜಿಗೆ ಎಲೆಗೆ ಬಿದ್ದ ಮೇಲೆ ಪಾಯಸದ ಪಾತ್ರೆ ತಿರುಗಿ ಬಂದರೆ ಕೈ ಒಡ್ಡಬಹುದೇ ಎಂಬ ವಿಚಾರಣೆ ಮುಗಿಯುವುದರೊಳಗೆ ಪಾಯಸವೇ ಮುಗಿದಿರುತ್ತದೆ.

ಆದರೆ ಭಾವನ ನಿಜವಾದ ಸೀಸನ್ ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ಮಳೆ ಹೊಯ್ಯುವಾಗ, ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿ. ಆಡುವ ಕ್ರಮ ಮಾತ್ರ ಮನೆಗೊಂದು. ಬಿತ್ತುತ್ತಾ ಹೋಗುವಾಗ ನಡುವೆ ನಾಲ್ಕಾದ ಗುಳಿ ಯಾರಿಗೆ ಸೇರಬೇಕು ಎಂಬ ಒಂದೇ ಪ್ರಶ್ನೆಗೆ ಪಾಣಾಜೆಯಿಂದ ಬಂದ ಸೊಸೆಯದ್ದು ಒಂದು ನ್ಯಾಯ, ಬೆಳ್ಳಾರೆಯ ಅತ್ತೆಯದ್ದು ಇನ್ನೊಂದು. ಭಾವ ಎರಡನ್ನೂ ಕೇಳುತ್ತಾರೆ, ಎರಡನ್ನೂ ತಪ್ಪೆನ್ನುತ್ತಾರೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ತುಳುನಾಡಿನ ಕಟ್ಟಳೆ ಇವರಿಗೆ ಪರಮಪ್ರಿಯ. ಸಿರಿ ಪಾಡ್ದನದ ಅವಳಿ ಮಕ್ಕಳು ಅಬ್ಬಗ ದಾರಗ ಆಡುತ್ತಾ ಜಗಳ ಹತ್ತಿ, ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಲ್ಲೇ ಹೊಡೆದು, ಎರಡು ಜೀವ ಹೋದ ಕಥೆ ಅದರ ಹಿಂದೆ ಉಂಟು. ಭಾವ ಅದನ್ನು ಮುಂದಕ್ಕೆ ಬೆಳೆಸಿದ್ದಾರೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಆಡಬಹುದು, ಆದರೆ ಮಣೆ ಹಗುರ ಇರಬೇಕು! ಮೊಬೈಲಿನಲ್ಲಿ ಆಡುವುದಾದರೂ ಆಟಿಯಲ್ಲೇ ಆಡಬೇಕಂತೆ.

ಇಂಥವರಿಗೆ ಸೋಲು ಗೆಲುವಿನ ಹಂಬಲ ಇಲ್ಲ. ಚೆನ್ನೆ ಆಗಲಿ, ಇಸ್ಪೀಟಾಗಲಿ, ಅವರು ಗೆದ್ದದ್ದನ್ನು ಕಂಡವರೂ ಇಲ್ಲ. ತಾನು ಸೋತದ್ದು ಕ್ರಮಪ್ರಕಾರ ದಾಖಲಾಗಬೇಕು, ಅಷ್ಟೇ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ ಶಾಲಿನವರು ಎದುರುಬದುರು ಕೂತು ಬಾಯಿಗೆ ಬಂದ ಮಾತಿನಲ್ಲೇ ರಾಮನೋ ರಾವಣನೋ ಆಗುತ್ತಾರೆ. ಅಲ್ಲಿ ಮುಂದಿನ ಸಾಲಿನ ಕುರ್ಚಿ ಭಾವನದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರು ಇವರು. ರಾಮ ಮರದ ಮರೆಯಿಂದ ಬಾಣ ಬಿಟ್ಟದ್ದು ಸರಿಯೋ ಎಂದು ವಾಲಿ ಕೇಳುತ್ತಾನಲ್ಲ, ನನ್ನ ಮಟ್ಟಿಗೆ ಅದು ಪಕ್ಕಾ ರೂಲ್ಸ್ ಭಾವನ ಪ್ರಶ್ನೆ. ವಾಲಿ ಸಾಯುವುದು ಪ್ರಸಂಗದಲ್ಲೇ ಬರೆದಿದೆ, ಅದನ್ನು ಯಾರೂ ತಪ್ಪಿಸುವ ಹಾಗಿಲ್ಲ. ಆದರೆ ವಾದದಲ್ಲಿ ಅವನು ರಾಮನನ್ನು ಬೆವರಿಳಿಸಿ ಸಾಯಬಹುದು. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ದೊಡ್ಡ ಅರ್ಥಧಾರಿ. ಅವರು ಬರೆದ ಪುಸ್ತಕವೊಂದರ ಹೆಸರೇ ‘ಕುರುಕ್ಷೇತ್ರಕ್ಕೊಂದು ಆಯೋಗ’. ಮಹಾಯುದ್ಧಕ್ಕೇ ವಿಚಾರಣಾ ಆಯೋಗ ಬೇಕೆಂದು ಹೊಳೆಯುವ ಸೀಮೆಯಲ್ಲಿ ಬೈರಾಸಿಗೊಂದು ನ್ಯಾಯಪೀಠ ಇರುವುದು ಅತಿಯಾಯಿತೆಂದು ನನಗನಿಸುವುದಿಲ್ಲ.

ಭಾವನಿಗೊಂದು ಪಾತ್ರ ಕೊಟ್ಟು ನೋಡುವ ಎಂದು ಒಮ್ಮೆ ‘ಕೃಷ್ಣ ಸಂಧಾನ’ದಲ್ಲಿ ವಿದುರನನ್ನು ಕೊಟ್ಟರು. ಬಂದ ಕೃಷ್ಣನಿಗೆ ಯಾವ ಆಸನ ಕೊಡುವುದು ಕ್ರಮ, ರಾಯಭಾರಿ ಎಂದು ಕೊಡುವುದೋ ನೆಂಟನೆಂದು ಕೊಡುವುದೋ ಎಂದು ವಿದುರ ಶುರುಮಾಡಿದ. ಕೃಷ್ಣ ಕೂರುವ ಲಕ್ಷಣ ಕಾಣಲಿಲ್ಲ. ಕೊನೆಗೆ ಭಾಗವತರು ಮದ್ದಳೆಗಾರರ ಕಡೆ ಕಣ್ಣು ಮಿಟುಕಿಸಿ ಮುಂದಿನ ಪದ್ಯ ಎತ್ತಿಬಿಟ್ಟರು. ತಾಳಮದ್ದಳೆಯಲ್ಲಿ ಅದಕ್ಕೆ ಅಪೀಲು ಇಲ್ಲ.

ಹೀಗಿರುವಾಗ ಭಾವನ ತಂಗಿಯ ಮಗ ನೆದರ್ಲೆಂಡಿನ ಐಂಡ್‌ಹೋವನ್‌ನಿಂದ ರಜೆಗೆ ಬಂದ, ಜೊತೆಗೊಬ್ಬ ಡಚ್ ಗೆಳೆಯ. ನಮ್ಮಲ್ಲಿ ಜಗಲಿ ಹತ್ತಿದವರೆಲ್ಲ ಭಾವಂದಿರೇ ಆದ್ದರಿಂದ ಅವನು ಡಚ್ ಭಾವನಾದ. ಇಬ್ಬರಿಗೂ ಒಂದೇ ಹುಚ್ಚು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದ ಆಟ. ಮೇಜಿನ ಸುತ್ತ ಕೂತು ಒಬ್ಬ ಮಂತ್ರವಾದಿ, ಒಬ್ಬ ಯೋಧ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಳ್ಳುವುದು, ಕಥೆ ನಡೆಸಲಿಕ್ಕೆ ಡಂಜನ್ ಮಾಸ್ಟರ್ ಎಂಬೊಬ್ಬ, ಆದದ್ದು ಆಗದ್ದು ತೀರ್ಮಾನಿಸಲಿಕ್ಕೆ ಇಪ್ಪತ್ತು ಮುಖದ ದಾಳ. ಡಚ್ ಭಾವ ಇದನ್ನೆಲ್ಲ ವಿವರಿಸಿದ. ಭಾವ ಬಾಯಿಯ ಎಲೆಯಡಿಕೆ ಅಂಗಳಕ್ಕೆ ಉಗುಳಿ ಬಂದು ಕೇಳಿದರು:

‘ಇದು ತಾಳಮದ್ದಳೆ ಅಲ್ವಾ ಮಾರಾಯ? ಭಾಗವತರು ಸಮೇತ ಉಂಟು. ಈ ದಾಳ ಎಂಥಕ್ಕೆ?’

ಎಂಥಕ್ಕೆ ಎಂಬುದು ಆಟದಲ್ಲೇ ಗೊತ್ತಾಯಿತು. ಸೇತುವೆಯ ಬಾಯಲ್ಲಿ ಕಾವಲುಗಾರ. ಅಳಿಯ ‘ನಾನು ಅವನನ್ನು ಒಪ್ಪಿಸುತ್ತೇನೆ’ ಎಂದು ದಾಳ ಎಸೆದ, ಮೂರು ಬಿತ್ತು, ಕಾವಲುಗಾರ ಒಪ್ಪಲಿಲ್ಲ. ಭಾವನಿಗೆ ತಡೆಯಲಾಗಲಿಲ್ಲ. ಒಪ್ಪಿಸುತ್ತೇನೆ ಎಂದರೆ ಆಯಿತೇ? ಏನೆಂದು ಒಪ್ಪಿಸಿದೆ? ವಾದ ಎಲ್ಲಿ? ಮಾತಿನ ಫಲ ದಾಳಕ್ಕೆ ಬಿಟ್ಟರೆ ಶಕುನಿಯೇ ರಾಯಭಾರಕ್ಕೆ ಹೋಗುತ್ತಿದ್ದನಲ್ಲ, ಕೃಷ್ಣ ಯಾಕೆ? ಹಾಗೆಂದು ತಾವೇ ಎದ್ದು ಕಾವಲುಗಾರನನ್ನು ಹಿಡಿದರು. ಸೇತುವೆ ಯಾರ ಖರ್ಚಿನದ್ದು, ಹೊಳೆ ಯಾರದ್ದು, ದಾರಿಹೋಕನನ್ನು ತಡೆಯುವ ಅಧಿಕಾರ ನಿನಗೆ ಕೊಟ್ಟವರು ಯಾರು, ಕೊಟ್ಟವರಿಗೆ ಕೊಟ್ಟವರು ಯಾರು? ‘ಶರಸೇತು ಬಂಧನ’ದ ಹನುಮಂತ ಅರ್ಜುನ ಇಬ್ಬರೂ ಒಂದೇ ಬಾಯಲ್ಲಿ ಹೊರಟ ಹಾಗಿತ್ತು. ಡಚ್ ಭಾವನಿಗೆ ಭಾಷೆ ತಿಳಿಯಲಿಲ್ಲ, ಆದರೆ ಕಣ್ಣರಳಿತು. ಮಾತು ಚೆನ್ನಾಗಿತ್ತೆಂದು ಎರಡು ಸಲ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವ ಸೌಲಭ್ಯ ಕೊಟ್ಟ. ಭಾವ ದಾನ ಬೇಡವೆಂದು ಒಂದೇ ಸಲ ಎಸೆದರು. ಒಂದು ಬಿತ್ತು.

‘ಒಂದು ಬಿದ್ದರೆ ಸೋಲು’ ಎಂದ ಅಳಿಯ. ಭಾವ ಆಟದ ನಿಯಮಗಳ ದಪ್ಪ ಪುಸ್ತಕವನ್ನು ಒಳಗೆ ಒಯ್ದರು. ರಾತ್ರಿ ಲೈಟು ಆರಲಿಲ್ಲ. ಬೆಳಗ್ಗೆ ದೋಸೆ ತಿನ್ನುವಾಗ ಪುಟ ತೆರೆದು ತೋರಿಸಿದರು: ಒಂದು ಬಿದ್ದರೆ ಖಂಡಿತ ಸೋಲು ಎಂಬುದು ಹೊಡೆತಕ್ಕೆ ಮಾತ್ರ, ಮಾತಿಗೆ ಆ ನಿಯಮ ಇಲ್ಲ. ಆದ್ದರಿಂದ ತನ್ನ ಪಾತ್ರದ ಮೂರು ಅಂಕ ಕೂಡಿಸಿ ನಾಲ್ಕು ಎಂದು ಬರೆಯಬೇಕು. ನಾಲ್ಕಾದರೂ ಸೋಲೇ ಎಂದ ಅಳಿಯ. ‘ಸೋಲೇ. ನಾಲ್ಕರ ಸೋಲು’ ಎಂದರು ಭಾವ, ಬರೆಸಿದರು.

ಡಚ್ ಭಾವ ನಕ್ಕು ನಕ್ಕು ಸುಸ್ತಾದ. ಅವರ ಮೇಜಿನಲ್ಲೂ ಇಂಥವನೊಬ್ಬ ಇದ್ದಾನಂತೆ, ಅಲ್ಲಿ ರೂಲ್ಸ್ ಲಾಯರ್ ಎನ್ನುತ್ತಾರಂತೆ. ಅವರ ದೇಶದ ಯೋಹಾನ್ ಹಾಯ್ಸಿಂಗಾ ಎಂಬ ಪ್ರೊಫೆಸರ್ 1938ರಲ್ಲಿ ‘ಹೋಮೋ ಲುಡೆನ್ಸ್’ ಎಂದು ಆಟದ ಮೇಲೆಯೇ ಪುಸ್ತಕ ಬರೆದದ್ದನ್ನೂ ಹೇಳಿದ. ಮೋಸ ಆಡುವವನನ್ನು ಲೋಕ ಹೇಗೋ ಸಹಿಸುತ್ತದೆ, ಯಾಕೆಂದರೆ ಅವನು ನಿಯಮವನ್ನು ಒಪ್ಪಿದ ಹಾಗಾದರೂ ನಟಿಸುತ್ತಾನೆ. ಆಟವನ್ನೇ ಕೆಡಿಸುವವನನ್ನು ಸಹಿಸುವುದಿಲ್ಲ ಎಂಬುದು ಅದರಲ್ಲೊಂದು ಮಾತು. ಭಾವ ಗಂಭೀರವಾಗಿ ಕೇಳಿ, ಮೂರನೆಯವನನ್ನು ಪ್ರೊಫೆಸರು ಎಲ್ಲಿ ಹಾಕಿದ್ದಾರೆ ಎಂದರು. ಯಾರು ಮೂರನೆಯವ? ‘ಮೋಸವೂ ಮಾಡ್ಲಿಕ್ಕೆ ಬಿಡದೆ, ಕೆಡಿಸ್ಲಿಕ್ಕೂ ಬಿಡದೆ ಪಕ್ಕದಲ್ಲಿ ಕೂತವ.’

ದೊಡ್ಡ ಜಗಳ ಆದದ್ದು ಆಮೇಲೆ. ಆ ಆಟದಲ್ಲಿ ಪಾತ್ರಕ್ಕೆ ಜೀವದ ಅಂಕ ಉಂಟು. ಅದು ಸೊನ್ನೆಗೆ ಇಳಿದರೆ ಪಾತ್ರ ಮೂರ್ಛೆ ಬಿದ್ದಂತೆ. ಮತ್ತೆ ಮಾತಿಲ್ಲ ಕಥೆಯಿಲ್ಲ, ಸರದಿ ಬಂದಾಗಲೆಲ್ಲ ದಾಳ ಎಸೆಯುತ್ತಾ ಇರಬೇಕು, ಹತ್ತು ಮೇಲ್ಪಟ್ಟು ಮೂರು ಸಲ ಬಿದ್ದರೆ ಬದುಕು, ಕೆಳಗೆ ಮೂರು ಸಲ ಬಿದ್ದರೆ ಸಾವು. ಭಾವನ ಯೋಧನಿಗೆ ಬಾಣ ತಾಗಿತು, ಅಂಕ ಸೊನ್ನೆಯಾಯಿತು. ಭಾವ ಶಾಲು ಸರಿಮಾಡಿಕೊಂಡು ಮಾತಿಗೆ ಶುರುಮಾಡಿದರು. ಡಚ್ ಭಾವ ತಡೆದ.

‘ಬಾಣ ತಾಗಿದ ಮೇಲೆಯೇ ಮಾತು ಇರುವುದು!’ ಎಂದು ಭಾವ ಗರ್ಜಿಸಿದರು. ವಾಲಿ ಎದೆಯಲ್ಲಿ ಬಾಣ ಇಟ್ಟುಕೊಂಡೇ ರಾಮನನ್ನು ಕೇಳಿದ್ದು. ಭೀಷ್ಮ ಶರಶಯ್ಯೆಯಲ್ಲಿ ಮಲಗಿ ರಾಜಧರ್ಮ ಹೇಳಿದ್ದು. ಕೌರವ ತೊಡೆ ಮುರಿದ ಮೇಲೆ ಕೃಷ್ಣನನ್ನು ಬೈದದ್ದು. ಇವರೆಲ್ಲ ಸೊನ್ನೆಯಲ್ಲಿ ಮೂರ್ಛೆ ಬಿದ್ದಿದ್ದರೆ ಅರ್ಥಧಾರಿಗಳು ಮನೆಗೆ ಹೋಗಬೇಕಿತ್ತು.

ಡಚ್ ಭಾವ ಅದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡ. ಈಗ ಐಂಡ್‌ಹೋವನ್‌ನ ಆ ಮೇಜಿನಲ್ಲಿ ವಾಲಿ ನಿಯಮ ಜಾರಿಯಲ್ಲಿದೆ: ಸೊನ್ನೆಗೆ ಇಳಿದವನು ಡಂಜನ್ ಮಾಸ್ಟರ್ ತಾಳ ಹಾಕುವವರೆಗೆ ಮಾತಾಡಬಹುದು. ತಾಳಕ್ಕೆ ಒಂದು ಬಿಯರ್ ಬಾಟಲಿ, ಒಂದು ಚಮಚ. ಅಳಿಯ ಫೋನಿನಲ್ಲಿ ಹೇಳುವ ಪ್ರಕಾರ ಆಟ ಹಾಳಾಗಿದೆ. ಎಲ್ಲರೂ ಬೇಗ ಬಾಣ ತಾಗಿಸಿಕೊಳ್ಳಲಿಕ್ಕೆ ಮುಂದೆ ನುಗ್ಗುತ್ತಾರೆ. ವೈದ್ಯನ ಪಾತ್ರದವನು ಔಷಧಿ ಹಿಡಿದು ಓಡಿ ಬಂದರೆ ‘ಸ್ವಲ್ಪ ತಡಿ, ಮುಗಿಸ್ತೇನೆ’ ಅನ್ನುತ್ತಾರೆ. ಸೊನ್ನೆಯಲ್ಲಿರುವ ಇಬ್ಬರು ಒಬ್ಬರಿಗೊಬ್ಬರು ಎದುರು ಮಾತಾಡಬಹುದೋ ಎಂಬ ವಿವಾದ ಹೋದ ವಾರ ದರ್ಬೆಗೆ ಬಂದಿದೆ. ಭಾವ ಎರಡೂ ಕಡೆಯವರ ಹೇಳಿಕೆಯನ್ನು ಬರವಣಿಗೆಯಲ್ಲಿ, ಸಹಿ ಸಮೇತ ಕೇಳಿದ್ದಾರೆ.