ಒಂದು ಕ್ರೆಡಿಟ್ಟಿನ ಕೊರತೆ

ಸರ್ಕಾರಿ ನೌಕರನಿಗೆ ವರ್ಗವಾಯಿತೆಂದರೆ ಆತನ ಹಿಂದೆಯೇ ಸೇವಾಪುಸ್ತಕವೂ ಹೊರಡುತ್ತದೆ. ಬೀದರಿನಲ್ಲಿ ಕೂಡಿಸಿದ ಗಳಿಕೆ ರಜೆಯನ್ನು ಚಾಮರಾಜನಗರದಲ್ಲಿ ಅನುಭವಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮಾಡಿದ ಕೆಲಸ ಎಷ್ಟಾದರೂ ಇರಲಿ, ಕಳೆದ ವರ್ಷಗಳು ಮಾತ್ರ ಒಂದೂ ಲೋಪವಾಗದೆ ಪಿಂಚಣಿಯ ಲೆಕ್ಕಕ್ಕೆ ಜಮೆಯಾಗುತ್ತವೆ. ಆದಕಾರಣ, ನನ್ನ ಭಾವನವರಿಗೆ ದೂರದ ಊರಿಗೆ ವರ್ಗವಾಗಿ, ಬಿ.ಎ. ಓದುತ್ತಿದ್ದ ಅವರ ಚಿರಂಜೀವಿಯು ನಡುವರ್ಷದಲ್ಲಿ ವಿಶ್ವವಿದ್ಯಾನಿಲಯವನ್ನು ಬದಲಿಸಬೇಕಾಗಿ ಬಂದಾಗ, ತಂದೆಯ ಸೇವೆಯಂತೆ ಮಗನ ವಿದ್ಯೆಯೂ ಸುಖವಾಗಿ ಪ್ರಯಾಣ ಮಾಡೀತೆಂದು ನಾವೆಲ್ಲರೂ ನಿಶ್ಚಿಂತರಾಗಿದ್ದೆವು.

ನಮ್ಮ ನಿಶ್ಚಿಂತೆ ನಿರಾಧಾರವಾದುದೇನೂ ಅಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದವರು 2021ರಲ್ಲಿ ಇಂಥವರಿಗಾಗಿಯೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದನ್ನು ಸ್ಥಾಪಿಸಿರುವರು. ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ಕೇಳಿದವನಿಗೆ ಒಂದು ಕ್ರೆಡಿಟ್ಟು. ಪ್ರಾಯೋಗಿಕ ತರಗತಿಯಾದರೆ 30 ಗಂಟೆ. ಹೀಗೆ ಗಳಿಸಿದ್ದು 12 ಅಂಕೆಗಳ ಖಾತೆಯೊಂದರಲ್ಲಿ ಹೆಚ್ಚೆಂದರೆ 7 ವರ್ಷ ಊರ್ಜಿತವಾಗಿರುತ್ತದೆ. ಅದಕ್ಕೆ ಬಡ್ಡಿ ಹುಟ್ಟದು, ಅವಧಿ ಮೀರಿದರೆ ಅಸಲೂ ಉಳಿಯದು. ಪದವಿಗೆ ಬೇಕಾದುದರಲ್ಲಿ ಅರ್ಧವನ್ನಾದರೂ ಪದವಿ ಕೊಡುವ ಸಂಸ್ಥೆಯಲ್ಲಿಯೇ ಸಂಪಾದಿಸತಕ್ಕದ್ದು ಎಂಬುದೊಂದು ಷರತ್ತು. ಅದು ನ್ಯಾಯವೇ; ಊಟವನ್ನೆಲ್ಲ ಬೇರೆಡೆ ಮುಗಿಸಿ ತಾಂಬೂಲಕ್ಕೆ ಮಾತ್ರ ಬರುವ ಅತಿಥಿಯನ್ನು ಯಾವ ಗೃಹಸ್ಥನೂ ಮೆಚ್ಚಲಾರ.

ವಿದ್ಯೆಯನ್ನು ಗಂಟೆಗಳಿಂದ ಅಳೆಯುವ ಈ ಪದ್ಧತಿ ಬೇರೂರಿದ ಬಗೆಯನ್ನು ಅರಸುತ್ತ ಹೋದರೆ ನಾವು ಮರಳಿ ಪಿಂಚಣಿಯ ಬಾಗಿಲಿಗೇ ಬರುತ್ತೇವೆ. 1905ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯು ಅಮೆರಿಕದ ವೃದ್ಧ ಅಧ್ಯಾಪಕರ ನಿವೃತ್ತಿವೇತನಕ್ಕೆಂದು 1 ಕೋಟಿ ಡಾಲರುಗಳ ದತ್ತಿಯನ್ನಿತ್ತನು. ಯಾವುದು ಕಾಲೇಜು, ಯಾವುದು ಅಲ್ಲವೆಂಬುದು ಇತ್ಯರ್ಥವಾಗದೆ ಹಣ ಹಂಚುವುದೆಂತು? ಪ್ರೌಢಶಾಲೆಯಲ್ಲಿ ಒಂದು ವಿಷಯವನ್ನು ವರ್ಷಕ್ಕೆ 120 ಗಂಟೆ ಅಭ್ಯಸಿಸಿದರೆ ಒಂದು ಯೂನಿಟ್ಟೆಂದೂ, ಅಂಥ 14 ಯೂನಿಟ್ಟುಗಳಿಲ್ಲದವರನ್ನು ಒಳಗೆ ಬಿಡದ ಸಂಸ್ಥೆಯೇ ಕಾಲೇಜೆಂದೂ ಧರ್ಮದರ್ಶಿಗಳು ಗೊತ್ತುಮಾಡಿದರು. ಗುರುಗಳ ಮುಪ್ಪಿನ ಗಂಜಿಗಾಗಿ ಶಿಷ್ಯರ ಗಂಟೆಗಳ ಗಣನೆಗೆ ಹೀಗೆ ಬಲ ಬಂದಿತು. ಮಗನ ಓದಿಗೂ ತಂದೆಯ ಸೇವೆಗೂ ಇಷ್ಟು ಸಮೀಪದ ಬಂಧುತ್ವವಿದ್ದ ಮೇಲೆ ಎರಡೂ ಒಂದೇ ಲಾರಿಯಲ್ಲಿ ಬರಲು ತೊಡಕೇನು?

ತೊಡಕು ಸಂವಿಧಾನದ ರೂಪದಲ್ಲಿ ಬಂದಿತು. ಹೊಸ ವಿಶ್ವವಿದ್ಯಾನಿಲಯದ ಸೂಪರಿಂಟೆಂಡೆಂಟರು ಅಂಕಪಟ್ಟಿಗಳನ್ನೂ, ವಲಸೆ ಪ್ರಮಾಣಪತ್ರವನ್ನೂ, ಪುಟಪುಟಕ್ಕೂ ಮೊಹರು ಬಿದ್ದ ಪಠ್ಯಕ್ರಮವನ್ನೂ ಸಾವಧಾನವಾಗಿ ಪರಿಶೀಲಿಸಿ, "ಹುಡುಗ ಅಲ್ಲಿ ಓದಿರೋ ಭಾರತ ಸಂವಿಧಾನ ಎರಡು ಕ್ರೆಡಿಟ್ಟಿಂದು ಸಾರ್, ನಮ್ಮಲ್ಲಿ ಮೂರು" ಎಂದರು.

"ಸಂವಿಧಾನ ದೇಶಕ್ಕೆಲ್ಲ ಒಂದೇ ಅಲ್ಲವೇ ಸ್ವಾಮಿ?" ಎಂದೆ.

"ದೇಶಕ್ಕೆ ಒಂದೇ. ಬೋರ್ಡ್ ಆಫ್ ಸ್ಟಡೀಸ್ ಬೇರೆ ಬೇರೆ."

"ಬ್ಯಾಂಕಿನಲ್ಲಿ ಜಮೆಯಾಗಿದೆಯಲ್ಲ?"

"ಅಲ್ಲಿ ಇರೋದು ನಿಜ. ತತ್ಸಮಾನ ಅಂತ ನಾವು ಒಪ್ಪಬೇಕಲ್ಲ ಸಾರ್!"

ಆಸೇತುಹಿಮಾಚಲ ಅನ್ವಯಿಸುವ ಸಂವಿಧಾನವು ಒಂದೇ ರಾಜ್ಯದ ಎರಡು ಊರುಗಳ ನಡುವೆ ಮೂರನೆಯ ಒಂದು ಭಾಗದಷ್ಟು ಕುಗ್ಗಿಹೋದ ಈ ವಿಸ್ಮಯದ ಮುಂದೆ ನಾನು ನಿರುತ್ತರನಾದೆನು. ಅಧ್ಯಯನ ಮಂಡಳಿಯು ಸಭೆ ಸೇರಿ ತೀರ್ಮಾನಿಸುವವರೆಗೆ ಅಳಿಯನು ಆ ಕಚೇರಿಯ ಮೊಗಸಾಲೆಯಲ್ಲಿ ಎಷ್ಟೋ ಮಧ್ಯಾಹ್ನಗಳನ್ನು ಕಳೆದನು. ಅರ್ಜಿ ಬರೆಯುವ ಕ್ರಮ, ಮೇಲ್ಮನವಿಯ ಮಾರ್ಗ, ಮಾಹಿತಿ ಹಕ್ಕಿನ ಉಪಯೋಗ, ಮೂಲಭೂತ ಹಕ್ಕುಗಳ ಮಿತಿ ಮುಂತಾದುವನ್ನು ಅಲ್ಲಿಯೇ ಮನನ ಮಾಡಿಕೊಂಡನು. ಕೊನೆಗೆ, ಕೊರತೆ ಬಿದ್ದ ಒಂದು ಕ್ರೆಡಿಟ್ಟಿಗಾಗಿ ಆ ಪತ್ರಿಕೆಯನ್ನು ಮತ್ತೆ ಓದತಕ್ಕದ್ದೆಂಬ ಆದೇಶವು ಕೈಗೆ ಬಂದಾಗ ಆತ ಕಿಂಚಿತ್ತೂ ವಿಚಲಿತನಾಗದೆ ಸೂಪರಿಂಟೆಂಡೆಂಟರನ್ನು ವಿನಯದಿಂದ ಕೇಳಿದನು:

"ಸಾರ್, ಇಲ್ಲಿ ನಿಂತು ನಾನು ಕಲಿತದ್ದೂ ಸಂವಿಧಾನವೇ. 15 ಗಂಟೆಗೆ ಯಾವಾಗಲೋ ಮೀರಿದೆ. ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಾರದೇ?"

ಅವರು ಕನ್ನಡಕವನ್ನು ಹಣೆಗೇರಿಸಿ ಕ್ಷಣಕಾಲ ಆಲೋಚಿಸಿ, ಅತ್ಯಂತ ನಿಷ್ಪಕ್ಷಪಾತದಿಂದ ನುಡಿದರು: "ಅದು ಪ್ರಾಯೋಗಿಕ ಕಣಪ್ಪ. 30 ಗಂಟೆ ಬೇಕು."

"ಅದೂ ಆಗಿದೆ ಸಾರ್" ಎಂದನು ಅಳಿಯ.