ಒಂಟಿ ಸೈಕಲ್ ಸವಾರ ಮತ್ತು ಅವನ ಪರಿವಾರ

ಮಂಗಳೂರಿನ ನಗರಜೀವನದಲ್ಲಿ ಇತ್ತೀಚಿನ ವರ್ಷಗಳಲ್ಲಿ ಎದ್ದು ಕಾಣುವ ಮಾನವ ಪ್ರಭೇದಗಳಲ್ಲಿ ‘ಸೋಲೋ ಟೂರಿಂಗ್’ ಮಾಡುವ ಸೈಕಲ್ ಸವಾರನೂ ಒಬ್ಬ. ಅಂದರೆ ಜೊತೆಗಾರನಾಗಲಿ ಬೆಂಗಾವಲಿನ ವಾಹನವಾಗಲಿ ಇಲ್ಲದೆ, ಬೇಕಾದ ಸಾಮಾನನ್ನೆಲ್ಲ ಸೈಕಲ್ಲಿಗೇ ಕಟ್ಟಿಕೊಂಡು, ಒಂದೇ ದಿನದಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿ ತುಳಿಯುವವನು. ಸಾಮಾನ್ಯವಾಗಿ ಇವನಿಗೆ ನಲ್ವತ್ತು ದಾಟಿರುತ್ತದೆ, ವೈದ್ಯರು ಒಮ್ಮೆ ಕೊಲೆಸ್ಟರಾಲಿನ ಮಾತೆತ್ತಿರುತ್ತಾರೆ, ಸೈಕಲ್ಲಿನ ನಿಜವಾದ ಬೆಲೆ ಮಾತ್ರ ಹೆಂಡತಿಗೆ ತಿಳಿದಿರುವುದಿಲ್ಲ.

ಇವನ ಆದರ್ಶಭೂಮಿ ಇಂಗ್ಲೆಂಡ್. ಅಲ್ಲಿ 1878ರಲ್ಲೇ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿ, ತಾನು ಮೆಚ್ಚಿದ ವಸತಿಗೃಹಗಳ ಗೋಡೆಗೆ ರೆಕ್ಕೆ ಮೂಡಿದ ಚಕ್ರದ ಫಲಕ ಹಾಕಿಸುತ್ತಿದ್ದುದನ್ನು ಇವನು ಮದುವೆಯ ಊಟದ ಪಂಕ್ತಿಯಲ್ಲೂ ವಿವರಿಸಬಲ್ಲ. ಆ ದೇಶದ ಜಿನುಗು ಮಳೆಗೆಂದೇ ಹೊಲಿದ ಕೋಟನ್ನು ದುಬಾರಿ ಬೆಲೆಗೆ ತರಿಸಿ, ಲಂಡನ್ನಿನ ಹತ್ತು ಪಾಲಿಗೂ ಹೆಚ್ಚು, ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆಗೆ ಅದನ್ನೇ ತೊಟ್ಟು ಹೊರಡುತ್ತಾನೆ; ಒಳಗಿನ ಬೆವರೂ ಹೊರಗಿನ ಮಳೆಯೂ ವಾಮಂಜೂರು ದಾಟುವಷ್ಟರಲ್ಲಿ ಒಂದಾಗಿರುತ್ತವೆ.

ಇವನ ಧರ್ಮಶಾಸ್ತ್ರದ ಮೂಲಸೂತ್ರ ಸ್ವಾವಲಂಬನೆ. ಫ್ರಾನ್ಸಿನಲ್ಲಿ ಬೆಳೆದುಬಂದ ‘ಬ್ರೆವೆ’ ಎಂಬ ದೂರಸವಾರಿಯ ಪದ್ಧತಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂದೂ, ನಿಗದಿತ ತಪಾಸಣಾ ಠಾಣೆಗಳ ನಡುವೆ ಯಾರ ನೆರವನ್ನೂ ಪಡೆಯಕೂಡದೆಂದೂ ವಿಧಿಯಿದೆ. ಆದರೆ ಮನೆಯ ಅಡುಗೆಕೋಣೆಯ ಬಗ್ಗೆ ಆ ವಿಧಿ ಮೌನವಾಗಿರುವುದರಿಂದ, ಬೆಳಗಿನ ಜಾವ ನಾಲ್ಕಕ್ಕೆ ಹೆಂಡತಿ ಎದ್ದು ಕುಚ್ಚಲಕ್ಕಿ ಗಂಜಿ ಬೇಯಿಸುತ್ತಾಳೆ, ಮಗಳು ಎರಡು ಮೊಬೈಲ್ ಚಾರ್ಜಿಗಿಡುತ್ತಾಳೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅವನು ಎಲ್ಲಿ ತಲುಪಿದನೆಂದು ದಿನವಿಡೀ ವಾಟ್ಸಾಪಿನಲ್ಲಿ ನೋಡುತ್ತಿರುತ್ತಾರೆ. ಒಬ್ಬನ ಏಕಾಂತಕ್ಕೆ ಇಷ್ಟು ಜನಬಲ ಬೇಕಾಗುವ ಇನ್ನೊಂದು ಹವ್ಯಾಸ ದಕ್ಷಿಣ ಕನ್ನಡದಲ್ಲಿ ಇದ್ದಂತಿಲ್ಲ.

ಈ ಪರಿವಾರದಲ್ಲಿ ಅತಿ ಮುಖ್ಯನೂ ಅತಿ ನಿರ್ಲಕ್ಷಿತನೂ ಆದವನು ಕಾರಿರುವ ಭಾವ. ಈತ ಕದ್ರಿಯ ತನ್ನ ಮನೆಯಿಂದ ಮಾರ್ಕೆಟಿಗೂ ಕಾರಿನಲ್ಲೇ ಹೋಗುವವನು, ಭಾನುವಾರ ಬಂಗುಡೆ ಗಸಿ ಉಂಡು ಮಲಗಿದವನನ್ನು ಎಬ್ಬಿಸುವ ಫೋನಿನ ಮಾತು ಯಾವಾಗಲೂ ಒಂದೇ: “ಭಾವ, ನಿದ್ರೆಯಲ್ಲಿದ್ದಿರಾ? ಏನಿಲ್ಲ, ಸ್ವಲ್ಪ ಸೋಮೇಶ್ವರದವರೆಗೆ ಬರ್ತೀರಾ?” ಇಲ್ಲಿ ಹೇಳಿದ್ದು ಉಳ್ಳಾಲದ ಸೋಮೇಶ್ವರವಲ್ಲ, ಮೂಡುಬಿದಿರೆ, ಕಾರ್ಕಳ, ಹೆಬ್ರಿಗಳಾಚೆ ಆಗುಂಬೆ ಘಾಟಿಯ ಬುಡದಲ್ಲಿರುವ ಸೋಮೇಶ್ವರ ಎಂಬುದು ಭಾವನಿಗೆ ಹೊಳೆಯುವುದು ಚಪ್ಪಲಿ ಮೆಟ್ಟಿದ ಮೇಲೆ. ನಡೆದದ್ದಿಷ್ಟು: ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮೂರನೆಯದರ ಬಳಿ ಹಿಂದಿನ ಚಕ್ರ ಪಂಚರ್ ಆಗಿ, ಬದಲಿ ಟ್ಯೂಬು ಕೂಡ ತೂತಾಗಿ, ಸವಾರ ಸೈಕಲ್ ದೂಡಿಕೊಂಡು ಕೆಳಗಿನ ಚಹಾದಂಗಡಿಗೆ ಇಳಿದಿದ್ದ. “ಶೃಂಗೇರಿಗೆ ಹರಕೆ ಉಂಟಾ ಮಾರಾಯ್ರೇ?” ಎಂದು ಕೇಳಿದ ಅಂಗಡಿಯವರು, ಹರಕೆಯೇನೂ ಇಲ್ಲವೆಂದು ತಿಳಿದು ಇನ್ನಷ್ಟು ಮರುಗಿ, ಹೆಬ್ರಿಯಿಂದ ಹುಡುಗನೊಬ್ಬನ ಕೈಯಲ್ಲಿ ಟ್ಯೂಬು ತರಿಸಿದರು. ಆದರೆ ಈ ಸೈಕಲ್ಲಿಗೆ ಬೇಕಾದದ್ದು ಪ್ರೆಸ್ಟಾ ಎಂಬ ಸಪುರ ವಾಲ್ವಿನ ಟ್ಯೂಬು. ಊರಿನ ಸೈಕಲ್ಲುಗಳ ದಪ್ಪ ವಾಲ್ವು ಅದರ ರಿಮ್ಮಿನ ತೂತಿನೊಳಗೆ ಇಳಿಯುವುದೇ ಇಲ್ಲ. ಭಾವ ಬಂದ. ಚಕ್ರಗಳೆರಡನ್ನೂ ಬಿಚ್ಚಿದರೂ ಡಿಕ್ಕಿಯಲ್ಲಿ ಹಿಡಿಯದ ಸೈಕಲ್ಲು ಹಿಂದಿನ ಸೀಟಿನ ಮೇಲೆ ಮಲಗಿತು. ಚೈನಿನ ಎಣ್ಣೆಯ ಕಲೆ ಸೀಟಿನ ಬಟ್ಟೆಯಲ್ಲಿ ಸೀಮೆಎಣ್ಣೆಗೂ ಶಾಂಪೂವಿಗೂ ಬಗ್ಗುವುದಿಲ್ಲವೆಂಬುದು ಈ ಅಧ್ಯಯನದಲ್ಲಿ ಸಂಶಯಾತೀತವಾಗಿ ದೃಢಪಟ್ಟಿರುವ ಏಕೈಕ ಅಂಶ.

ಆದರೂ ಮರುಪ್ರಯಾಣದಲ್ಲಿ ನಡೆಯುವುದನ್ನು ದಾಖಲಿಸದಿದ್ದರೆ ಅನ್ಯಾಯವಾದೀತು. ಸವಾರನು ಏಸಿ ಆರಿಸಿ ಗಾಜು ಇಳಿಸಲು ಹೇಳಿ, ಯಾವ ಮರದಲ್ಲಿ ಸಿಂಗಳೀಕಗಳ ಹಿಂಡು ಕಂಡಿತು, ಕಾರ್ಕಳದ ಯಾವ ಏರಿನಲ್ಲಿ ಉಸಿರು ಕಟ್ಟಿತು, ಗುರುಪುರದ ಸೇತುವೆಯ ಮೇಲೆ ನಸುಕಿಗೆ ಗಾಳಿ ಯಾವ ಕಡೆಯಿಂದ ಬೀಸಿತು ಎಂದು ಒಂದೊಂದಾಗಿ ಹೇಳುತ್ತಾನೆ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಊರನ್ನು ಬದುಕಿನುದ್ದಕ್ಕೂ ಕಾರಿನಲ್ಲಿ ದಾಟಿದ ಭಾವನಿಗೆ ಆ ರಸ್ತೆಯ ಬಗ್ಗೆ ಗೊತ್ತಿರುವುದು ಅಲ್ಲಿನ ಹಂಪುಗಳು ಮಾತ್ರ. ಯಾರೂ ಕಾಯದ, ಯಾರೂ ಕರೆಯದ ಐದಾರು ಗಂಟೆಗಳು ಆ ವಯಸ್ಸಿನ ಗೃಹಸ್ಥನಿಗೆ ಬೇರೆಲ್ಲಿ ಸಿಕ್ಕಾವು ಎಂದು ಯೋಚಿಸುತ್ತ ಭಾವನು ಗೇರು ಬದಲಿಸಲು ಮರೆತದ್ದೂ ಉಂಟು.

“ಮುಂದಿನ ತಿಂಗಳು ಚಾರ್ಮಾಡಿ, ಒಬ್ಬನೇ,” ಎನ್ನುತ್ತಾನೆ ಸವಾರ, ಕೈಕಂಬ ಬರುವ ಹೊತ್ತಿಗೆ. “ನೀವು ಸುಮ್ಮನೆ ಉಜಿರೆಗೆ ಬಂದು ನಿಂತರೆ ಸಾಕು, ಭಾವ. ಘಾಟಿ ಹತ್ತಿದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ಉಂಟು.” ಭಾವ ಉತ್ತರಿಸುವುದಿಲ್ಲ, ಆದರೆ ಅವನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವಿಮೆಯ ಕಾಗದಗಳ ಪಕ್ಕ ಸಪುರ ವಾಲ್ವಿನ ಟ್ಯೂಬುಗಳೆರಡು ಇವೆ, ಸ್ವಂತ ಹಣದಿಂದ ಕೊಂಡವು.